ಬೇವಿನ ಕೀಲೆಣ್ಣೆ

ಎತ್ತುಗಳನ್ನು ಹೂಡಿ, ಮುಂದಿನ ಮೂಕಿಮರದ ಮೇಲೆ ಕೂತು, "ನಡಿಯಲೇ ಕರಡಿ" ಅಂದ ಮೇಲೂ ಗಾಡಿಯ ಕೆಳಗಿನಿಂದ ಸದ್ದು ಬರಲಿಲ್ಲ. ಬೊಮ್ಮಲಿಂಗಪ್ಪ ಬಗ್ಗಿ ನೋಡಿದ. ಎರಡು ಗಾಲಿಗಳ ನಡುವೆ, ರಾತ್ರಿ ನಾಯಿ ಮಲಗಿದ್ದ ಕಡೆ ಮಣ್ಣು ತಗ್ಗಾಗಿತ್ತು. ನಾಯಿ ಇರಲಿಲ್ಲ.

ಉಚ್ಚೆ ಹೊಯ್ಯಲು ಹೋಗಿರಬೇಕೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಇಳಿದು ಹುಣಸೆ ತೋಪಿನ ತುಂಬ ಕರೆಯುತ್ತ ಓಡಾಡಿದ. ತೋಪಿನಲ್ಲಿ ರಾತ್ರಿ ಇಳಿದುಕೊಂಡಿದ್ದ ಇನ್ನೊಂದು ಗಾಡಿ ನಸುಕಿನಲ್ಲೇ ಹೊರಟುಹೋಗಿತ್ತು. ಅದು ಬಿಟ್ಟುಹೋದ ಹುಲ್ಲು, ಬೂದಿ, ಸಗಣಿ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಕರಡಿ ಅಂದರೆ ನಿಜವಾದ ಕರಡಿಯೇನಲ್ಲ, ಹೆಸರು ಮಾತ್ರ. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಸುಣ್ಣದ ಗಾಡಿ ಹೊಡೆಯಲು ಹೋಗಿದ್ದ ಬೊಮ್ಮಲಿಂಗಪ್ಪನಿಗೆ ಕಲ್ಲುರಾಶಿಯ ಸಂದಿಯಲ್ಲಿ ಸಿಕ್ಕಿದ್ದ ಮರಿ. ಮೈತುಂಬ ಕರೀ ಕೂದಲು ಇದ್ದದ್ದಕ್ಕೆ ಆ ಹೆಸರು. ಅಂದಿನಿಂದ ಗಾಡಿಯ ಕೆಳಗಿನ ನೆರಳು ಅವನದಾಯಿತು. ಗಾಡಿ ನಡೆದರೆ ನಡೆಯುವನು, ನಿಂತರೆ ಮಲಗುವನು. ಪಾಪ ಅಂತ ಎತ್ತಿ ಗಾಡಿಯ ಮೇಲೆ ಕೂರಿಸಿದರೆ, ಮಾನ ಹೋದವರ ಹಾಗೆ ಧುಮುಕಿ ಮತ್ತೆ ಕೆಳಗೇ ಸೇರಿಕೊಳ್ಳುವನು. ಪ್ಲೇಗಿನ ವರ್ಷ ಹೆಂಡತಿ ನಿಂಗಕ್ಕ ತೀರಿಕೊಂಡ ಮೇಲೆ ಬೊಮ್ಮಲಿಂಗಪ್ಪ ಮನೆಯ ಬಾಗಿಲು ಹಾಕಿ ಗಾಡಿಯನ್ನೇ ಮನೆ ಮಾಡಿಕೊಂಡ. ದೊಡ್ಡಉಳ್ಳಾರ್ತಿಯಲ್ಲಿ ಕಂಬಳಿ ತುಂಬುವುದು, ಮೊಳಕಾಲ್ಮೂರಿನಲ್ಲಿ ಇಳಿಸುವುದು. ದಾರಿಯಲ್ಲೇ ಅಡಿಗೆ, ದಾರಿಯಲ್ಲೇ ನಿದ್ದೆ. ಮಾತಾಡಬೇಕು ಅನ್ನಿಸಿದರೆ ಕೆಳಗೆ ಕರಡಿ ಇದ್ದ. ಎದುರು ಮಾತಾಡದೆ ಕೇಳುವವರು ಮನುಷ್ಯರಲ್ಲಿ ಎಲ್ಲಿ ಸಿಗುತ್ತಾರೆ?

ಈ ಸಲ ಹೊರಡುವಾಗ ಅಕ್ಕ ಹೊನ್ನಕ್ಕ ಗಾಡಿಗೆ ಅಡ್ಡ ನಿಂತಿದ್ದಳು. "ಅದಕ್ಕೆ ವಯಸ್ಸಾತು ಕಣೋ ತಮ್ಮಾ. ಕಣ್ಣು ನೋಡು, ಮಜ್ಜಿಗೆ ಹನಿ ಬಿಟ್ಟಂಗೆ ಆಗೈತೆ. ನನ್ನತ್ರ ಬಿಟ್ಟೋಗು. ಹಟ್ಟಿಯಾಗೆ ಕುರಿ ಜೊತೆ ಬಿದ್ದಿರ್ತೈತೆ."

"ಕಣ್ಣಿಗೆ ಏನಾಗೈತೆ? ಸ್ವಲ್ಪ ಪೊರೆ ಬಂದೈತೆ, ಅಷ್ಟೇ. ನನಗಿಂತ ಚೆನ್ನಾಗಿ ದಾರಿ ಕಾಣ್ತೈತೆ ಅವನಿಗೆ" ಎಂದಿದ್ದ ಬೊಮ್ಮಲಿಂಗಪ್ಪ.

"ಎಲ್ಲಾದ್ರೂ ದಾರಿ ಮ್ಯಾಲೆ ಕಳಕೊಂಡ್ ಬಂದು ನನ್ ಮುಂದೆ ಅಳಬ್ಯಾಡ ಮತ್ತೆ."

ಹೊನ್ನಕ್ಕನ ಬಾಯಿ ಅಂಥದ್ದು. ಅವಳ ಮಾತಿಗೆ ನಕ್ಕು ಎತ್ತಿನ ಬಾಲ ತಿರುವಿದ್ದ. ಈಗ ಹಾನಗಲ್ಲಿನ ತೋಪಿನಲ್ಲಿ ಒಬ್ಬನೇ ನಿಂತಾಗ ಆ ಮಾತೇ ಮತ್ತೆ ಮತ್ತೆ ನೆನಪಾಯಿತು.

ಹಾನಗಲ್ಲಿನ ಹತ್ತಿರ ದಾರಿ ಎರಡಾಗುತ್ತದೆ. ಒಂದು ಮೊಳಕಾಲ್ಮೂರಿಗೆ, ಇನ್ನೊಂದು ರಾಂಪುರದ ಮೇಲೆ ಬಳ್ಳಾರಿಗೆ. ಹಿಂದಿನ ಸಂಜೆ ಬೊಮ್ಮಲಿಂಗಪ್ಪ ಅಲ್ಲಿ ಒಲೆ ಹೂಡುತ್ತಿದ್ದಾಗ ದೂರದಿಂದಲೇ ಒಂದು ಗಾಡಿ ಕಿರ್ರೋ ಅಂತ ಕೂಗಿಕೊಂಡು ಬಂದಿತ್ತು. ಕೀಲು ಕೂಗುವ ಗಾಡಿ ಹೊಡೆಯುವುದೆಂದರೆ ಗಾಡಿಯವನಿಗೆ ಹರಿದ ಪಂಚೆ ಉಟ್ಟು ಸಂತೆಗೆ ಹೋದಷ್ಟು ನಾಚಿಕೆ. ಇಳಿದವನು ಚಳ್ಳಕೆರೆಯ ಬುಡೇನ್ ಸಾಬ್. ಬಳ್ಳಾರಿಗೆ ಹುಣಸೆಹಣ್ಣು ಹೊತ್ತು ಹೊರಟಿದ್ದ.

"ನಗಬೇಡ ಅಣ್ಣ" ಎಂದ, ಬೊಮ್ಮಲಿಂಗಪ್ಪ ಇನ್ನೂ ನಗುವ ಮೊದಲೇ. "ಎಣ್ಣೆ ಗೊಟ್ಟ ದಾರಿಯಾಗೆ ಎಲ್ಲೋ ಬಿದ್ದೋಗೈತೆ. ತಳಕು ಊರು ದಾಟಿದಾಗಿನಿಂದ ಹಿಂಗೇ ಕೂಗ್ತಾ ಬಂದೀನಿ. ಊರೂರಿನ ನಾಯಿ ಎಲ್ಲಾ ನನ್ ಹಿಂದೇನೇ."

ಕೀಲೆಣ್ಣೆ ಕೇಳಿದವರಿಗೆ ಇಲ್ಲ ಅನ್ನಬಾರದು. ಅದು ಗಾಡಿಯವರಲ್ಲಿ ನಡೆದು ಬಂದ ರೀತಿ. ಬೊಮ್ಮಲಿಂಗಪ್ಪ ಮೂಕಿಗೆ ನೇತುಹಾಕಿದ್ದ ಬಿದಿರಿನ ಗೊಟ್ಟವನ್ನು ಬಿಚ್ಚಿ ಕೊಟ್ಟ. ಬುಡೇನ್ ಸಾಬ್ ಮುಚ್ಚಳ ತೆಗೆದವನೇ ಮುಖ ಆ ಕಡೆ ತಿರುಗಿಸಿದ.

"ಯಾ ಅಲ್ಲಾ, ಏನಣ್ಣ ಇದು?"

"ಬೇವಿನೆಣ್ಣೆ. ಎಲ್ಲರೂ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸ್ತಾರೆ. ನನ್ ಹೆಂಡ್ತಿ ಬೇವಿನೆಣ್ಣೆನೂ ಹಾಕೋಳು. ಎತ್ತಿಗೆ ನೊಣ ಬರಲ್ಲ ಅನ್ನೋಳು."

"ನೊಣ ಏನು, ನೆಂಟ್ರೂ ಬರಲ್ಲ" ಎಂದು ಸಾಬ್ ನಕ್ಕ. ಆದರೂ ಗಾಲಿ ಕಳಚಿ ಅಚ್ಚಿಗೆ ಧಾರಾಳವಾಗಿಯೇ ಬಳಿದುಕೊಂಡ. ಇಬ್ಬರೂ ಕೂತು ಉಂಡರು. ಸಾಬ್ ತನ್ನ ಬುತ್ತಿಯ ರೊಟ್ಟಿಯಲ್ಲಿ ಒಂದು ತುಂಡು ಕರಡಿಗೂ ಎಸೆದ. ರೊಟ್ಟಿ ಮೂಗಿನ ಮುಂದೆಯೇ ಬಿದ್ದಿದ್ದರೂ ಕರಡಿ ಅತ್ತ ಇತ್ತ ಮೂಸಿ ಹುಡುಕಿ ತಿಂದಿತು. ಬೊಮ್ಮಲಿಂಗಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಬೀಡಿ ಹಚ್ಚಿದ.

ಈಗ ಅವನು ತೋಪು ಬಿಟ್ಟು ಬಾವಿಯ ಕಡೆ ಓಡಿದ. ಚಿನ್ನಕ್ಕ ಎಂಬ ಮುದುಕಿ ನೀರು ಸೇದುತ್ತಿದ್ದಳು. ದಾರಿಹೋಕರಿಗೆಲ್ಲ ಪರಿಚಯದವಳು.

"ನನ್ ನಾಯಿ ನೋಡ್ದೇನವ್ವ?"

"ಕರೀ ಕುಕ್ಕನಾ? ಸಾಬರ ಗಾಡಿ ಕೆಳಗೆ ಹೋತಲ್ಲಪ್ಪ, ರಾಂಪುರದ ಕಡೆ. ಆಗಲೇ ಬೆಳಕು ಹರೀತಿತ್ತು. ಮದುವೆ ಮೆರವಣಿಗೆಗೆ ಹೋಗೋರಂಗೆ ಬಾಲ ಎತ್ಕೊಂಡು ಹೋಗ್ತಿತ್ತು."

"ಕಟ್ಟಿ ಎಳ್ಕೊಂಡು ಹೋದ್ನಾ?"

"ಹಗ್ಗಾನೂ ಇಲ್ಲ, ಗಿಗ್ಗಾನೂ ಇಲ್ಲ. ತಾನಾಗೇ ಹೋಗೈತೆ."

ತಾನಾಗೇ. ಆ ಮಾತು ಬೊಮ್ಮಲಿಂಗಪ್ಪನ ಎದೆಗೆ ಸರಿಯಾಗಿ ಬಡಿಯಿತು. ಒಂದು ತುಂಡು ರೊಟ್ಟಿಗೆ ಇಷ್ಟೇನಾ? ನಿಂಗಕ್ಕ ಹೋದ ದಿನ ಅಚ್ಚಿನ ಕೆಳಗೆ ಅವನ ಪಕ್ಕದಲ್ಲಿ ಮುದುರಿಕೊಂಡು ಮಲಗಿದ್ದ ನಾಯಿ, ಇವತ್ತು ಹೇಳದೆ ಕೇಳದೆ ಇನ್ನೊಬ್ಬರ ಗಾಡಿ ಹಿಡಿಯಿತೇ? ಹಾಳಾಗಿ ಹೋಗಲಿ ಅಂದುಕೊಂಡು ಗಾಡಿಯನ್ನು ಮೊಳಕಾಲ್ಮೂರಿನ ದಾರಿಗೆ ತಿರುಗಿಸಿದ. ಕಂಬಳಿಗಾಗಿ ಕಾಮಣ್ಣ ಸೆಟ್ಟರು ಕಾದಿರುತ್ತಾರೆ. ಮಧ್ಯಾಹ್ನಕ್ಕೆ ಮುಟ್ಟದಿದ್ದರೆ ಸಂತೆ ತಪ್ಪುತ್ತದೆ.

ಒಂದು ಹೊಲದಷ್ಟು ದೂರ ಹೋಗಿರಬಹುದು. ಎತ್ತುಗಳು ನಡೆಯುತ್ತಿದ್ದವು, ಗಾಲಿ ಉರುಳುತ್ತಿತ್ತು, ಎಲ್ಲ ದಿನದ ಹಾಗೇ ಇತ್ತು. ಕೆಳಗಿನಿಂದ ಬರುತ್ತಿದ್ದ ಆ ಮುದಿ ಏದುಸಿರು ಮಾತ್ರ ಇರಲಿಲ್ಲ. ಇಷ್ಟು ವರ್ಷ ಅದನ್ನು ಕೇಳುತ್ತಿದ್ದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಬೊಮ್ಮಲಿಂಗಪ್ಪ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದ. "ಸೆಟ್ಟಿ ಬೈದರೆ ಬೈಯಲಿ" ಎಂದು ಎತ್ತುಗಳಿಗೆ ಹೇಳಿ, ಹಿಂದಕ್ಕೆ ತಿರುಗಿಸಿ, ರಾಂಪುರದ ದಾರಿ ಹಿಡಿದ. ಎಂದೂ ಬಾರುಕೋಲು ಮುಟ್ಟಿಸದವನು ಅವತ್ತು ಎರಡು ಸಲ ಮುಟ್ಟಿಸಿದ.

ಬಿಸಿಲು ಏರುವ ಹೊತ್ತಿಗೆ, ದಾರಿ ಬದಿಯ ಜಾಲಿ ಮರದ ಹತ್ತಿರ ಬುಡೇನ್ ಸಾಬ್‌ನ ಗಾಡಿ ನಿಂತಿರುವುದು ಕಂಡಿತು. ಎತ್ತುಗಳನ್ನು ಬಿಚ್ಚಿ ಮೇಯಲು ಬಿಟ್ಟಿದ್ದ. ತಾನು ಮರದ ಬುಡದಲ್ಲಿ ಟವೆಲ್ಲು ಹಾಸಿ ಕೂತಿದ್ದ. ಗಾಡಿಯ ಕೆಳಗೆ ಕರಡಿ ಕಾಲು ಚಾಚಿ ಮಲಗಿತ್ತು.

"ಬಂದ್ಯಾ ಅಣ್ಣ" ಎಂದು ಸಾಬ್ ಎದ್ದ. "ಗಾಡಿ ಮ್ಯಾಲೆ ನಿದ್ದೆ ಹೋಗಿದ್ದೆ. ಹೊತ್ತು ಹುಟ್ಟಿದ ಮ್ಯಾಲೆ ನೋಡ್ತೀನಿ, ಕೆಳಗೆ ಇದು. ಗದರಿಸ್ದೆ, ಅಟ್ಟಿದೆ, ಕೈ ಮುಗಿದೆ. ಹೋಗೋದೇ ಇಲ್ಲ. ಅದಕ್ಕೇ ಕುಂತ್ಬಿಟ್ಟೆ. ನಾಯಿ ಕಳಕೊಂಡೋನು ಬಂದೇ ಬರ್ತಾನೆ ಅಂತ."

"ಕರಡಿ" ಎಂದು ಕರೆದ ಬೊಮ್ಮಲಿಂಗಪ್ಪ. ಬೈಯಬೇಕೆಂದು ಬಂದವನ ದನಿ ಒಡೆದುಹೋಗಿತ್ತು.

ಕರಡಿ ತಟ್ಟನೆ ಎದ್ದಿತು. ಬಾಲ ಸುತ್ತೂ ತಿರುಗಿತು. ನಾಲ್ಕು ಹೆಜ್ಜೆ ಮುಂದೆ ಬಂದು ನಿಂತು ಗಾಳಿ ಮೂಸಿತು. ಮತ್ತೆ ಹಿಂದಕ್ಕೆ ಹೋಗಿ ಸಾಬ್‌ನ ಗಾಲಿಯ ನಡುವಿನ ಗುಂಬಕ್ಕೆ ಮೂಗು ಒತ್ತಿತು. ಆಮೇಲೆ ಬೊಮ್ಮಲಿಂಗಪ್ಪನ ದನಿ ಬಂದ ಕಡೆ ಮುಖ ಮಾಡಿ ಬೊಗಳತೊಡಗಿತು. ಸಿಟ್ಟಿನ ಬೊಗಳಲ್ಲ. ತೋಪುಗಳಲ್ಲಿ ಇಳಿದುಕೊಂಡಾಗ ಅವನು ನೀರಿಗೆಂದು ದೂರ ಹೋಗಿ ತಡಮಾಡಿದರೆ ಕರೆಯುತ್ತಿತ್ತಲ್ಲ, ಅದೇ ಬೊಗಳು. ಗಾಡಿ ಇಲ್ಲಿದೆ, ನೀನು ಎಲ್ಲಿಗೆ ಹೋಗಿದ್ದೆ, ಬಾ ಎನ್ನುವುದು.

ಬೊಮ್ಮಲಿಂಗಪ್ಪನಿಗೆ ಆಗ ಹೊಳೆಯಿತು. ಮೆಲ್ಲಗೆ ಹತ್ತಿರ ಹೋಗಿ ನಾಯಿಯ ಕಣ್ಣ ಮುಂದೆ ಕೈ ಆಡಿಸಿದ. ಕಣ್ಣು ಅಲುಗಲಿಲ್ಲ.

"ಇದಕ್ಕೆ ಕಣ್ಣೇ ಇಲ್ಲ ಸಾಬ್ರೇ" ಎಂದ.

"ನಿನಗೆ ಗೊತ್ತಿರಲಿಲ್ವಾ?"

"ಗಾಡಿ ಜೊತೆ ಒಂದು ಹೆಜ್ಜೆ ತಪ್ಪದಂಗೆ ನಡೀತಿತ್ತಲ್ಲ. ಕಾಣ್ತೈತೆ ಅನ್ಕೊಂಡಿದ್ದೆ." ಅವನು ಗಾಲಿಯ ಗುಂಬದ ಮೇಲೆ ಬೆರಳಾಡಿಸಿ ಮೂಸಿದ. ಬೇವಿನ ಕಹಿವಾಸನೆ, ನಿಂಗಕ್ಕನ ಕೈಯ ವಾಸನೆ. "ಈ ವಾಸನೆ ಬೆನ್ನು ಹತ್ತಿ ನಡೀತಿತ್ತು. ಯಾವ ಕಾಲದಿಂದಲೋ. ಮೊದ್ಲು ಹೊರಟಿದ್ದೇ ನನ್ ಗಾಡಿ ಅನ್ಕೊಂಡೈತೆ."

"ಎತ್ಕೊಂಡು ನಿನ್ ಗಾಡಿ ಕೆಳಗೆ ಬಿಡು ಮತ್ತೆ."

ಎತ್ತಲು ಕೈ ಹಾಕಿದ. ಕರಡಿ ಹುಟ್ಟಿದಾಗಿನಿಂದ ಮೊದಲ ಸಲ ಅವನ ಮೇಲೆ ಗುರ್ರೆಂದಿತು. ಗಾಡಿ ಬಿಟ್ಟು ಬರುವುದೆಂದರೇನು? ಯಜಮಾನ ಬಂದು ಎಳೆದರೂ ಬಿಡಬಾರದು. ಗುರ್ರೆಂದ ತಪ್ಪಿಗೆ ಅದೇ ಕೈಯನ್ನು ನೆಕ್ಕಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಬೊಮ್ಮಲಿಂಗಪ್ಪ ಅಲ್ಲೇ ನೆಲದಲ್ಲಿ ಕುಕ್ಕರಿಸಿದ. ಅಳು ಬಂತು. ಅಕ್ಕನಿಂದ ತನ್ನ ಮುಂದೆ ಅಳಬೇಡ ಅನ್ನಿಸಿಕೊಂಡಿದ್ದವನು ಬುಡೇನ್ ಸಾಬ್‌ನ ಮುಂದೆ ಅತ್ತ.

ಸಾಬ್ ತನ್ನ ಗಾಡಿಗೆ ಒಂದು ಕವೆಗೋಲು ಆನಿಸಿ, ಅಚ್ಚಿನ ತುದಿಯ ಕಡಾಣಿ ಕಿತ್ತು, ಗಾಲಿ ಕಳಚಿದ. ಹುಲ್ಲಿನ ಹಿಡಿ ತಗೊಂಡು ಅಚ್ಚನ್ನು ಉಜ್ಜತೊಡಗಿದ.

"ಏನ್ ಮಾಡ್ತೀರಿ?"

"ನಿನ್ ಎಣ್ಣೆ ನಿನಗೇ ವಾಪಸ್ಸು."

"ಬ್ಯಾಡ್ರಿ. ಒಣ ಅಚ್ಚಿನ ಮ್ಯಾಲೆ ಬಳ್ಳಾರಿ ಮುಟ್ಟಬೇಕಲ್ಲ."

"ರಾಂಪುರದಾಗೆ ಎಣ್ಣೆ ಸಿಗ್ತೈತೆ ಬಿಡಣ್ಣ. ಅಲ್ಲಿಗಂಟ ಊರೂರಿನ ನಾಯಿ ಹಿಂದೆ ಬಂದ್ರೆ ಬರ್ಲಿ. ನಿಂದೊಂದು ಬರಬಾರದು."

ಹುಲ್ಲಿಗೆ ವಾಸನೆ ಹೋಗಲಿಲ್ಲ. ಮಣ್ಣು ಹಾಕಿ ತಿಕ್ಕಿದ. ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಮೂಟೆಯ ಬಾಯಿ ಬಿಚ್ಚಿ, ಮಾರಲು ಒಯ್ಯುತ್ತಿದ್ದ ಹುಣಸೆಹಣ್ಣನ್ನೇ ಹಿಡಿ ಹಿಡಿ ತೆಗೆದು, ನೀರು ಚಿಮುಕಿಸಿ, ತಾಮ್ರದ ಹಂಡೆ ಬೆಳಗುವ ಹೆಂಗಸರ ಹಾಗೆ ಅಚ್ಚು, ಗುಂಬ, ಕಡಾಣಿ ಎಲ್ಲವನ್ನೂ ತಿಕ್ಕಿದ. ಬೊಮ್ಮಲಿಂಗಪ್ಪನೂ ಎದ್ದು ಎರಡನೆಯ ಗಾಲಿಗೆ ಕೈ ಹಚ್ಚಿದ. ಕರಡಿ ನಡುವೆ ನಿಂತು ಒಂದು ಗಾಲಿ ಮೂಸುವುದು, ಇನ್ನೊಂದು ಗಾಲಿ ಮೂಸುವುದು. ಅದರ ಬಾಲ ಇಳಿಯಿತು. ಮೈ ಸಣ್ಣಗೆ ನಡುಗಿತು.

"ಕರೀಬೇಡ" ಎಂದ ಸಾಬ್, ಬಾಯಿ ತೆರೆಯಲಿದ್ದ ಬೊಮ್ಮಲಿಂಗಪ್ಪನ ತೋಳು ಹಿಡಿದು. "ತಾನಾಗೇ ಬರ್ಲಿ."

ಕರಡಿ ಮೂಗು ಎತ್ತಿತು. ಗಾಳಿ ಹಿಂದೆ ನಿಂತಿದ್ದ ಬೊಮ್ಮಲಿಂಗಪ್ಪನ ಗಾಡಿಯ ಕಡೆಯಿಂದ ಬೀಸುತ್ತಿತ್ತು. ನಾಯಿ ಒಂದು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಹೆಜ್ಜೆ ಇಟ್ಟಿತು. ಬಿಸಿಲಲ್ಲಿ ಕಲ್ಲೆಡವಿ ಮುಗ್ಗರಿಸಿತು. ಬೊಮ್ಮಲಿಂಗಪ್ಪನ ಕಾಲಿಗೆ ಒರಸಿಕೊಂಡೇ ಹೋದರೂ ನಿಲ್ಲಲಿಲ್ಲ. ಅವನ ಗಾಡಿಯ ಗುಂಬಕ್ಕೆ ಮೂಗು ತಾಗಿಸಿ, ಕೆಳಗೆ ನುಸುಳಿ, ಎರಡು ಸುತ್ತು ತಿರುಗಿ ಮಲಗಿತು. ಮಲಗಿದ ಮೇಲೆ ಅವನ ಕಡೆ ತಿರುಗಿ ಒಂದು ಸಲ ಬೊಗಳಿತು.

"ಬಂದೆ ಕಣೋ, ಬಂದೆ" ಎಂದ ಬೊಮ್ಮಲಿಂಗಪ್ಪ.

ಬುಡೇನ್ ಸಾಬ್ ಎತ್ತು ಹೂಡಿ ಹೊರಟ. ಒಣ ಅಚ್ಚು ಹೆಜ್ಜೆಗೊಂದು ಸಲ ಕಿರ್ರೋ ಎಂದು ಕೂಗುತ್ತಿತ್ತು. ಗಾಡಿ ಬೋರೆಯ ಆಚೆ ಇಳಿದು ಮರೆಯಾದ ಮೇಲೂ ಬಹಳ ಹೊತ್ತು ಕೂಗು ಕೇಳುತ್ತಲೇ ಇತ್ತು. ಬೊಮ್ಮಲಿಂಗಪ್ಪ ಹೊರಡದೆ ಅದನ್ನೇ ಕೇಳುತ್ತ ನಿಂತ. ಗಾಡಿಯ ಕೆಳಗೆ ಕರಡಿ ಕಿವಿ ಕೂಡ ಎತ್ತಲಿಲ್ಲ.