ಮೇಯೋದ ಮಾಡಿಲ್ಲದ ಮನೆಗಳು

ಹೆಂಚು ತಾನೇ ಜಾರಿ ಬಿದ್ದರೆ ಒಂದು ಸದ್ದು, ಕಿತ್ತು ಎಸೆದರೆ ಇನ್ನೊಂದು, ಇದು ಎಸೆದ ಸದ್ದು — ಮತ್ತೊಂದು, ಮತ್ತೊಂದು, ಜಟ್ಟಿಂಗಪ್ಪನ ಅಂಗಳದ ತುಂಬ ಕೆಂಪು ಚೂರು, ಮಾಡಿನ ಮೇಲೆ ಆನಂದಪುರದಿಂದ ಕರೆಸಿದ ಇಬ್ಬರು ಆಳು, ಕೆಳಗೆ ನನ್ನ ತಮ್ಮ ನಾಗೇಂದ್ರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ, ನಾನು ಜೀಪಿನ ಬಾಗಿಲು ಹಿಡಿದು ನಿಂತಿದ್ದೇನೆ, ರಜೆಗೆ ಬಂದವಳು, ಸಿಗಂದೂರಿಗೆ ಹೋಗಿ ಬರಾಣ ಬಾ ಪ್ರತಿಮಕ್ಕ, ಸೇತುವೆ ನೋಡಿಲ್ಲ ನೀನು, ದಾರೀಲಿ ಒಂದು ಸಣ್ಣ ಕೆಲಸ ಐತೆ ಅಂದಿದ್ದ, ಇದು ಆ ಸಣ್ಣ ಕೆಲಸ, ಬೆಳಗಿನ ತಿಂಡಿ ಇನ್ನೂ ಹೊಟ್ಟೆಯಲ್ಲಿ ಕರಗಿಲ್ಲ ನನಗೆ, ಈ ಮನೆಯವರ ತಲೆಯ ಮೇಲಿನ ಮಾಡು ಅರ್ಧ ಹೋಯಿತು, ಗ್ವಾಡೆ ಮುಟ್ಬ್ಯಾಡ್ರೋ, ಮಾಡು ಒಂದು ಇಳಿಸಿ, ಗ್ವಾಡೆ ಮಳೆ ನೋಡ್ಕಳುತ್ತೆ ಎಂದು ನಾಗೇಂದ್ರ ಆಳುಗಳಿಗೆ ಕೂಗುತ್ತಿದ್ದಾನೆ — ಈ ಮಾತು ಎಲ್ಲೋ ಕೇಳಿದ್ದೇನೆ, ಎಲ್ಲೋ ಏನು, ನಾನೇ ಹೇಳಿದ್ದು, ಹೋದ ವಾರ, ಊಟದ ತಟ್ಟೆಯ ಮುಂದೆ.

ಮೇಯೋ ಹೆಂಗೈತೆ ಅಕ್ಕ ಎಂದು ಕೇಳಿದವನು ಅವನೇ, ಐರ್ಲೆಂಡಿನ ಪಡುವಣ ತುದಿಯ ಕೌಂಟಿ, ನಮ್ಮ ಜಿಲ್ಲೆಯಂಥದೇ ಒಂದು, ಕಡಲು, ಗಾಳಿ, ಬಿಡದೆ ಹನಿಯುವ ಆಕಾಶ, ಕಾಲಿಟ್ಟರೆ ಕುಸಿಯುವ ಕರಿ ಜವುಗು, ಅದನ್ನೇ ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಾರೆ, ಹರಕೆ ಹೊತ್ತವರು ಬರಿಗಾಲಲ್ಲಿ ಬೆಟ್ಟ ಹತ್ತುತ್ತಾರೆ, ಬಾಯ್ಕಾಟ್ ಎಂಬ ಮಾತು ಹುಟ್ಟಿದ್ದೇ ಅಲ್ಲಿ, ಒಕ್ಕಲುಗಳೆಲ್ಲ ಸೇರಿ ಅನ್ನ ನೀರು ಮಾತು ಕೊಡದೆ ದೂರವಿಟ್ಟ, ಧಣಿಯೊಬ್ಬನ ಏಜೆಂಟನ ಹೆಸರಿನಿಂದ — ಅಲ್ಲಿ ನಾನು ನರ್ಸಾಗಿರುವ ವೃದ್ಧಾಶ್ರಮದ ಮುದುಕಿ, ನಾನು ಮೈ ತೊಳೆಸುವ ನೋರಾ ಹೇಳಿದ್ದನ್ನೆಲ್ಲ ಹೇಳಿದೆ, ಆಲೂಗಡ್ಡೆ ಕೊಳೆತ ವರ್ಷಗಳು, ಗೇಣಿ ಕೊಡಲಾಗದವರನ್ನು ಹೊರಗೆ ಹಾಕಿ ಮಾಡು ಇಳಿಸುತ್ತಿದ್ದರು, ಮತ್ತೆ ಬಂದು ಸೇರಿಕೊಳ್ಳಬಾರದಲ್ಲ ಅದಕ್ಕೆ, ಒಲೆಗೆ ನೀರು ಸುರಿಯುತ್ತಿದ್ದರು, ಒಲೆ ಆರಿತೆಂದರೆ ಮನೆ ಅವರದಲ್ಲ, ಮಿಕ್ಕಿದ್ದನ್ನು ಮಳೆ ಮಾಡುತ್ತಿತ್ತು, ಗುಡ್ಡದ ಬುಡದಲ್ಲಿ ಇವತ್ತಿಗೂ ಸಾಲಾಗಿ ನಿಂತಿವೆ ಆ ಕಲ್ಲಿನ ಗೋಡೆಗಳು, ಒಳಗೆ ಕುರಿ ಮೇಯುತ್ತವೆ, ಫೋಟೊ ತೋರಿಸಿದೆ, ನಾಗೇಂದ್ರ ಎರಡು ಬೆರಳಿಟ್ಟು ದೊಡ್ಡದು ಮಾಡಿಕೊಂಡು ನೋಡಿದ, ಪಾಪ ಅನ್ನುತ್ತಾನೆ ಅಂದುಕೊಂಡೆ, ಮಣ್ಣಿನ ಗ್ವಾಡೆ ಆದ್ರೆ ಒಂದೇ ಮಳೆಗಾಲ ಸಾಕು ಅಲ್ವಾ ಅಂದ, ನಾನು ನಕ್ಕೆ, ಎಂಥ ಮಂಗ ನಾನು, ನಕ್ಕೆ, ಅಜ್ಜನ ಕಥೆಯೂ ಇದೇ ಅಲ್ಲವೇನೋ ಎಂದೆ, ಕಾಗೋಡಿನಲ್ಲಿ ಗೇಣಿ ಭತ್ತದ ಅಳತೆಗಾಗಿ ಭೂಮಿಯ ಒಡೆಯರ ಎದುರು ನಿಂತವರ ಜೊತೆ ಜೈಲಿಗೆ ಹೋದ ಅಜ್ಜ ಕೆರಿಯಪ್ಪ, ಬೆನ್ನ ಮೇಲಿನ ಲಾಠಿಯ ಬರೆ ಸಾಯುವವರೆಗೂ ತೋರಿಸುತ್ತಿದ್ದ, ಉಳುವ ಭೂಮಿ ತನ್ನ ಹೆಸರಿಗಾದ ವರ್ಷ, ಅಣೆಕಟ್ಟಿನ ಮುಳುಗಡೆಯಲ್ಲಿ ಎಲ್ಲ ಕಳೆದುಕೊಂಡು ಅಲೆಯುತ್ತಿದ್ದ ಜಟ್ಟಿಂಗಪ್ಪನ ಅಪ್ಪನಿಗೆ ಆ ಭೂಮಿಯಲ್ಲಿ ಇದೇ ಜಾಗ ತೋರಿಸಿ ಇಲ್ಲೊಂದು ಮನೆ ಕಟ್ಕಳ ಮಾರಾಯ ಅಂದವನೂ ಅವನೇ, ಕಾಗದ ಇಲ್ಲ, ಬಾಯಿಮಾತು, ಅಜ್ಜನ ಬಾಯಿಮಾತು ಸಾಕಿತ್ತು ಅವತ್ತು — ಇವತ್ತು ಸೇತುವೆ ಬಂದಿದೆ, ರಸ್ತೆಯ ತುಂಬ ಸಿಗಂದೂರಿನ ಕಾರು, ರಸ್ತೆಗೆ ಮುಖ ಮಾಡಿದ ಈ ಜಾಗದಲ್ಲಿ ತಮ್ಮನಿಗೆ ಹೋಮ್‌ಸ್ಟೇ ಬೇಕು.

ಒಡೆಯಾ, ಮಳೆಗಾಲ ಒಂದು ಕಳೀಲಿ ಒಡೆಯಾ — ಜಟ್ಟಿಂಗಪ್ಪ ಏಣಿ ತಬ್ಬಿಕೊಂಡಿದ್ದಾನೆ, ಒಡೆಯಾ ಅನ್ನುತ್ತಿರುವುದು ನಾಗೇಂದ್ರನಿಗೆ, ನಮ್ಮ ಮನೆಯವನಿಗೆ, ಆ ಮಾತನ್ನು ನಾಲಿಗೆಯಿಂದ ಕಿತ್ತುಹಾಕಲು ಅಜ್ಜ ಬರೆ ತಿಂದ, ನಾಚಿಕೆಯಾದೀತು ಎಂದು ತಮ್ಮನ ಮುಖ ನೋಡಿದರೆ ಅಲ್ಲಿ ನಾಚಿಕೆ ಇಲ್ಲ, ಸುಖ ಇದೆ, ಆ ಸುಖದಲ್ಲೇ ಒದ್ದ, ಬೂಟುಗಾಲು ಮುದುಕನ ಪಕ್ಕೆಗೆ, ಒಣ ಪುಳ್ಳೆ ಮುರಿದ ಸದ್ದು, ಬಿದ್ದವನ ಹುಬ್ಬು ಹೆಂಚಿನ ಚೂರಿಗೆ ಸೀಳಿತು, ರಕ್ತ ಕಣ್ಣಿಗೆ ಇಳಿಯಿತು, ಮತ್ತೆ ಒದ್ದ, ನಿಲ್ಸೋ, ಸತ್ತೋಗ್ತಾನೆ ಎಂದು ಅವನ ತೋಳು ಹಿಡಿದೆ, ಕೊಸರಿದ ಮೊಣಕೈ ನನ್ನ ಬಾಯಿಗೆ ಬಡಿಯಿತು, ಹಲ್ಲಿನ ಸಂದಿಯಲ್ಲಿ ರಕ್ತದ ಉಪ್ಪು, ನಾನು ಎತ್ತಿ ಆಡಿಸಿದ ಹುಡುಗ, ಸುಮ್ನಿರು ಅಕ್ಕ, ಗ್ವಾಡೆಗೆ ಕೈ ಹಚ್ಚಿಲ್ಲ, ಮಳೆಗೆ ಬಿದ್ದ ಮನೆಗೆ ಯಾವ ಕೇಸೂ ಇಲ್ಲ, ನಿಮ್ಮ ಐರ್ಲೆಂಡಲ್ಲಿ ಮಾಡಿದಂಗೇ ಮಾಡ್ತಿದೀನಿ, ಒಲೆ ಒಂದು ಬಾಕಿ — ಎಂದು ಒಳಗೆ ನುಗ್ಗಿದ, ನಾನು ಚೂಪಾದ ಒಂದು ಚೂರು ಎತ್ತಿಕೊಂಡು ಅವನ ಹಿಂದೆ ಓಡಿದೆ, ಅವನ ಕತ್ತು ಕಾಣುತ್ತಿತ್ತು, ಸೀಳಿಬಿಡುತ್ತಿದ್ದೆ, ಸುಳ್ಳಲ್ಲ, ಜೀವ ಉಳಿಸುವ ಕೆಲಸ ಕಲಿತ ಕೈ ಇದು, ಒಳಗೆ ಬಿಸಿಲು, ಅಡುಗೆಮನೆಯಲ್ಲಿ ಇಷ್ಟು ಬಿಸಿಲು ಇರಬಾರದು, ಒಲೆಯ ಮುಂದೆ ದುರ್ಗಮ್ಮ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಜಟ್ಟಿಂಗಪ್ಪನ ಹೆಂಡತಿ, ಒಲೆಯ ಮೇಲೆ ಗಂಜಿ ಕುದಿಯುತ್ತಿದೆ, ಏಳೇ ಅಂದ, ಏಳಲಿಲ್ಲ, ನೀರೆಲ್ಲಿ ಅಂದ, ಕೊಡ ಬಗ್ಗಿಸಿ ನೋಡಿದ, ಖಾಲಿ, ಗೋಡೆಗೆ ಎಸೆದ, ದುರ್ಗಮ್ಮ ಎರಡೂ ಕೈ ಒಲೆಯ ಬಾಯಿಗೆ ಅಡ್ಡ ಹಿಡಿದು ತಣ್ಣಗೆ ಹೇಳಿದಳು, ಬೆಂಕಿ ಆರಿಸ್ಬ್ಯಾಡಿ, ಅನ್ನ ಆಗ್ಲಿ, ಉಂಡ್ಕಂಡು ಹೋಗ್ತೀವಿ — ನಾಗೇಂದ್ರ ಗಂಜಿಯ ಮಡಕೆಯನ್ನು ಒದ್ದ.

ಕುದಿಯುವ ಗಂಜಿ ಅವಳ ಕೈ ಮೇಲೆ ಹಾದು ಒಲೆಗೆ ಸುರಿಯಿತು, ಕಿರುಚಲಿಲ್ಲ ಅವಳು, ಚುಂಯ್ ಎಂದದ್ದು ಒಲೆ, ಬೂದಿ ಎದ್ದು ಬಿಸಿಲಿನಲ್ಲಿ ತೇಲಿತು, ಒಲೆ ಆರಿತು, ಆಯ್ತು, ನಡಿ ಅಕ್ಕ ಎಂದು ಅವನು ಹೊರಗೆ ಹೋದ, ನನ್ನ ಕೈಯಿಂದ ಚೂರು ಯಾವಾಗ ಬಿತ್ತೋ, ಮಂಡಿಯೂರಿದ್ದೇನೆ, ತಣ್ಣೀರು, ಮೊದಲು ತಣ್ಣೀರು, ಸುರಿಯುತ್ತಲೇ ಇರಬೇಕು, ನೀರು ತನ್ನಿ ಎಂದು ಮಾಡಿನ ಆಳುಗಳಿಗೆ ಕೂಗುತ್ತೇನೆ, ಮೇಲಿಂದ ಇಬ್ಬರೂ ಬಗ್ಗಿ ನೋಡುತ್ತಾರೆ, ಇಳಿಯುವುದಿಲ್ಲ, ಕೈ ಕೊಡು ದುರ್ಗಮ್ಮ, ಕೊಡುವುದಿಲ್ಲ, ಎದೆಗೆ ಹಿಡಿದುಕೊಂಡು ನನ್ನನ್ನೇ ನೋಡುತ್ತಾಳೆ, ಆ ದೇಶದಾಗೆ ಹಿಂಗೇ ಮಾಡ್ತಾರಂತಾ ಅಮ್ಮಾ, ಹೌದು, ಅಲ್ಲ, ಯಾವಾಗಲೋ, ಒಲೆಗೆ ನೀರು ಸುರಿದರು ಎಂದಿದ್ದಳು ನೋರಾ, ಆಗ ಒಲೆಯ ಮುಂದೆ ಯಾರು ಕೂತಿದ್ದರೆಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ, ಅವಳ ಎರಡೂ ಕೈಯ ಮೇಲೆ ಅನ್ನದ ಅಗುಳು, ಒತ್ತೊತ್ತಾಗಿ, ಬೆಳ್ಳಗೆ, ಕೆಳಗೆ ಚರ್ಮ ಏಳುತ್ತಿದೆ, ತೆಗೆಯಬೇಕು, ತೆಗೆಯಬಾರದು, ತೆಗೆದರೆ ಚರ್ಮವೂ ಬರುತ್ತದೆ, ನೀರು, ನೀರೆಲ್ಲಿ, ಹೊರಗೆ ಜೀಪಿನ ಹಾರ್ನ್, ಅಗುಳು, ಹಬೆಯಾಡುವ ಅಗುಳು, ಬೆರಳ ಸಂದಿಯಲ್ಲಿ ಅಗುಳು, ಬೆಂದಿದೆ, ಅನ್ನ ಆಗಿದೆ, ಆ ಕೈಯ ಮೇಲೆ ಅಗುಳು