ಎತ್ತಿದ ಬೆರಳು

ಬಿಳಿ, ಎಲ್ಲೆಲ್ಲೂ ಬಿಳಿ, ಕುದಿಯುವ ಅನ್ನದ ಪಾತ್ರೆಗೆ ಮುಖ ಒಡ್ಡಿದ ಹಾಗೆ, ಆದರೆ ತಣ್ಣಗೆ, ಕನ್ನಡಕ ಒರೆಸಿದಷ್ಟೂ ಮತ್ತೆ ಮಸುಕು, ಇದು ಮಂಜಲ್ಲವಂತೆ, ಮೋಡವಂತೆ, ಸಂಡೂರಿನ ಗುಡ್ಡ ಹತ್ತುತ್ತಾ ಮೋಡದೊಳಗೇ ಬಂದುಬಿಟ್ಟಿದ್ದೇವಂತೆ, ಸಂಘಮಿತ್ರಾ ಹೇಳಿದಳು, ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಈ ಹಕ್ಕಿ ನೋಡುವ ಗುಂಪು ಕಟ್ಟಿದವಳು, ಆಂಟಿ, ಹುಷಾರ್ರಿ, ಕಲ್ಲು ಜಾರ್ತಾವ, ಅನ್ನುತ್ತಾಳೆ, ಜಾರಿದರೆ ಜಾರಲಿ, ಮುಂದೆ ನಮ್ಮ ಯಜಮಾನರು ಇದ್ದಾರಲ್ಲ, ಅವರ ಬೆನ್ನ ಮೇಲೇ ಬೀಳುತ್ತೇನೆ, ಅಷ್ಟಗಲದ ಬೆನ್ನು ಇನ್ನೇತಕ್ಕಿದೆ. ಹಸಿರು ರೇನ್‌ಕೋಟು, ಕೊರಳಲ್ಲಿ ದುರ್ಬೀನು, ತಲೆಗೆ ಟವೆಲು, ಕಿವಿ ಮಾತ್ರ ಹೊರಗೆ, ಕಂಪ್ಲಿಯ ಅಕ್ಕಿ ಮಿಲ್ಲಿನ ಸಾಹುಕಾರರು ಅಂತ ಯಾರಾದರೂ ಅನ್ನಬೇಕಲ್ಲ, ಕೆಳಗೆಲ್ಲೋ ದೋಣಿಮಲೈಗೆ ಹೋಗುವ ಬಸ್ಸು ಹಾರ್ನ್ ಹಾಕಿತು, ಆಮೇಲೆ ಎಲೆಯಿಂದ ಎಲೆಗೆ ಹನಿ ಬೀಳುವ ಸದ್ದಷ್ಟೇ, ಆಗ ಅವರ ಬಲಗೈ ಎದ್ದಿತು, ತೋರುಬೆರಳು ನೆಟ್ಟಗೆ, ಎಲ್ಲರೂ ಗಪ್‌ಚಿಪ್, ಪೊದೆಯೊಳಗಿಂದ ಎರಡು ಸಿಳ್ಳು, ನವರಂಗ ಅಂದರು, ಹೌದು, ನವರಂಗವೇ, ನನಗೂ ಗೊತ್ತಾಯಿತು, ಗುಂಪಿನ ಹುಡುಗರು ಮೊಬೈಲು ಹೊರಗೆ ತೆಗೆಯುವುದರೊಳಗೆ ಅವರು ಹೇಳಿಯಾಗಿತ್ತು, ಮೋಡದಲ್ಲಿ ಕಣ್ಣಿಗೇನೂ ಕಾಣದು, ಇವತ್ತು ಕಿವಿಯದೇ ಕೆಲಸ, ಅದಕ್ಕೇ ಅಲ್ಲವೇ ನಾನು ಬೆಳಗಿನಿಂದ ಅವರ ಬೆನ್ನು ಬಿಡದೆ ನಡೆಯುತ್ತಿರುವುದು.

ಆ ಬೆರಳು ಹಕ್ಕಿಯದಲ್ಲ, ಮಿಲ್ಲಿನದು, ಮಷೀನು ಶುರುವಾದರೆ ಅಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಯಲ್ಲೇ, ಮುಷ್ಟಿ ಬಿಚ್ಚಿದರೆ ಭತ್ತ ಸುರಿ, ಅಂಗೈ ಅಡ್ಡ ಬೀಸಿದರೆ ಮೋಟಾರು ಬಂದ್, ಒಂದು ಬೆರಳೆತ್ತಿದರೆ ತಡಿ, ಸದ್ದು ಬದಲಾಗಿದೆ, ಕೇಳು, ಬೆಲ್ಟು ಹರಿಯುವ ಮೊದಲೇ ಇವರಿಗೆ ತಿಳಿಯುತ್ತಿತ್ತು, ಹಮಾಲಿ ಪಕ್ಕೀರಪ್ಪ ಅನ್ನುತ್ತಿದ್ದ, ಸಾವ್ಕಾರ್ರ ಕಿವಿ ಅಂದ್ರ ಕಿವಿ ನೋಡ್ರಿ. ಮದುವೆಯಾದ ಹೊಸತು, ಬುತ್ತಿ ಒಯ್ದಿದ್ದೆ, ಇವರು ನನ್ನ ಕಡೆ ಬೆರಳೆತ್ತಿದರು, ಒಂದೇ ರೊಟ್ಟಿ ಸಾಕು ಅಂತಿದ್ದಾರೆ ಅಂದುಕೊಂಡು ಒಂದನ್ನಿಟ್ಟು ಉಳಿದದ್ದನ್ನು ಕಟ್ಟಿಕೊಂಡು ಮನೆಗೆ ಬಂದೆ, ಪಾಪ, ಸಂಜೆ ಹಸಿದು ಬಂದು ಬಾಗಿಲಲ್ಲೇ ಕೂತು ನಕ್ಕರು, ಶಾಂಭವಿ, ನನ್ನನ್ನ ಉಪವಾಸ ಕೆಡವಿದೆಲ್ಲ ಲೇ, ಈಗಲೂ ಆ ನಗು ನೆನಪಾದರೆ ಒಲೆ ಮುಂದೆ ಒಬ್ಬಳೇ ನಗುತ್ತೇನೆ. ಮಿಲ್ಲಿನ ಗದ್ದಲ ತೊಳೆದುಕೊಳ್ಳಲು ಭಾನುವಾರ ಹಂಪಿಯ ಬಂಡೆಗಳ ನಡುವೆ ಹಕ್ಕಿ ಕೇಳುತ್ತಾ ಅಲೆಯುತ್ತಿದ್ದರು, ನನ್ನನ್ನು ಕರೆದದ್ದಿಲ್ಲ, ನೀ ಭಾಳ ಮಾತಾಡ್ತಿ, ಹಕ್ಕಿ ಹಾರಿ ಹೋಕ್ಕಾವ, ಹೌದು ಸ್ವಾಮಿ, ನಾನು ಮಾತಾಡದಿದ್ದರೆ ನಮ್ಮ ಮನೆಯಲ್ಲಿ ಮಾತಾಡುವವರು ಯಾರು. ಅಂಥವರು ಈ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಅಡುಗೆಮನೆಗೆ ಬಂದು ಕೂತರು, ನಾನು ರೊಟ್ಟಿ ಬಡಿಯುತ್ತಿದ್ದರೆ ಇವರು ಸಿಳ್ಳು ಹಾಕಿ ಇದು ಯಾವ್ದು ಹೇಳು, ತಪ್ಪಿದರೆ ಮತ್ತೆ ಸಿಳ್ಳು, ಮುದುಕಪ್ಪನಿಗೆ ಹುಚ್ಚು ಹಿಡಿಯಿತೇ ಅಂದುಕೊಂಡೆ, ಆದರೂ ಕಲಿತೆ. ಒಂದು ದಿನ ಮೊಬೈಲಿನಲ್ಲಿ ಬೆಳ್ಗಣ್ಣನ ಕೂಗು ಹಚ್ಚಿದರು, ಕಣ್ಣಿನ ಸುತ್ತ ಬಿಳಿ ಉಂಗುರದ ಪುಟ್ಟ ಹಕ್ಕಿ, ದಾರದಷ್ಟು ಸಣ್ಣ ಕೂಗು, ಅಡುಗೆಮನೆಯ ತುಂಬ ಕೂಗುತ್ತಿದೆ, ಇವರು ಮೊಬೈಲನ್ನು ಕಿವಿಗೆ ಒತ್ತಿ, ಝಾಡಿಸಿ, ಮತ್ತೆ ಒತ್ತಿ, ಇದರ ಸ್ಪೀಕರ್ ಹೋಗೈತಿ ನೋಡು ಅಂದರು, ಹ್ಞೂಂ, ಹೋಗೈತಿ, ಅಂದೆ ನಾನು, ಹಿಟ್ಟಿನ ಕೈ ಹಾಗೇ ನಿಂತಿತ್ತು. ಮಾತು ಕೇಳುತ್ತದೆ, ನವರಂಗ ಕೇಳುತ್ತದೆ, ಸಣ್ಣ ಸದ್ದುಗಳನ್ನು ಮಾತ್ರ ಮಿಲ್ಲು ತಿಂದುಹಾಕಿದೆ.

ಅಗೋ, ಮೇಲೆ, ಎಡಕ್ಕೆ, ಆ ದಾರದಂಥ ಕೂಗೇ, ಬೆಳ್ಗಣ್ಣ, ಒಂದಲ್ಲ, ಹಿಂಡೇ ಇರಬೇಕು, ಇವರ ಕೈ ನೋಡುತ್ತೇನೆ, ರೇನ್‌ಕೋಟಿನ ಪಕ್ಕದಲ್ಲಿ ಜೋತುಬಿದ್ದಿದೆ, ಬೆರಳು ಏಳುತ್ತಿಲ್ಲ, ಎತ್ರಿ, ಎತ್ರಿ, ಮನಸ್ಸಿನಲ್ಲೇ ಅನ್ನುತ್ತೇನೆ, ಅಂಕಲ್, ಅದು ಯಾವ್ದರಿ, ಸಣ್ಣಗ ಕೂಗಾಕತ್ತೈತಲ್ಲ, ಅಂದಳು ಸಂಘಮಿತ್ರಾ, ಹುಡುಗರೆಲ್ಲ ಅವರ ಮುಖವನ್ನೇ ನೋಡುತ್ತಿದ್ದಾರೆ, ಅವರು ಮೋಡವನ್ನು ನೋಡುತ್ತಿದ್ದಾರೆ, ಆ ಮುಖ, ದೇವರೇ, ಅಂಗಡಿಯಲ್ಲಿ ಅಮ್ಮನ ಕೈ ಬಿಟ್ಟುಹೋದ ಮಗುವಿನ ಮುಖ, ಅದನ್ನು ಇವರ್‍ಯಾರೂ ನೋಡಬಾರದು, ನಾನೊಬ್ಬಳೇ ನೋಡಬೇಕು, ಬಾಯಿ ತನ್ನಿಂದ ತಾನೇ ತೆರೆಯಿತು, ಅವ್ರು ಹೇಳಂಗಿಲ್ಲವ್ವ, ಇವತ್ತ ನನಗ ಪರೀಕ್ಷೆ ಇಟ್ಟಾರ, ಅದು ಬೆಳ್ಗಣ್ಣ, ಹೌದಿಲ್ಲೋ ಗುರುಗಳೇ, ಎಲ್ಲರೂ ನಕ್ಕರು, ಪಾಸಾದ್ರಿ ಆಂಟಿ, ನಗುತ್ತಲೇ ಮುಂದೆ ಹೋದರು, ಮೋಡ ಅವರನ್ನು ನುಂಗಿತು, ನಾವಿಬ್ಬರೇ ಉಳಿದೆವು. ಯಾವಾಗ ಗೊತ್ತಾತು ನಿನಗ, ಅಂದರು, ತಿರುಗದೆ. ಆ ಮೊಬೈಲಿಗೆ ಬಯ್ದ್ರೆಲ್ಲ, ಅವತ್ತ. ಮತ್ತ ಯಾಕ ಸುಮ್ಮನಿದ್ದಿ. ಭಾಳ ಮಾತಾಡ್ತೀನಿ ಅಂತೀರೆಲ್ಲ, ಅದಕ್ಕ. ಆಗ ನಕ್ಕರು, ರೊಟ್ಟಿಯ ದಿನದ ನಗುವೇ, ಸ್ವಲ್ಪ ಒದ್ದೆ. ಅದಕ್ಕ ಕಲಿಸೀನಿ ಲೇ ನಿನಗ, ನನಗ ಕೇಳ್ಲಾರದ್ದು ನಿನಗರ ಕೇಳ್ಲಿ ಅಂತ, ಅಂದರು, ಎಷ್ಟು ಮುದ್ದು ಬರುತ್ತದೆ ಈ ಮನುಷ್ಯನ ಮೇಲೆ, ಮೋಡದಲ್ಲಿ ನಿಲ್ಲಿಸಿಕೊಂಡು ಟವೆಲಿನಿಂದ ತಲೆ ಒರೆಸಬೇಕು ಅನ್ನಿಸುತ್ತದೆ. ಈಗ ಕೂಗಾಕತ್ತೈತೇನು, ಅಂದರು, ಪಿಸುಮಾತಿನಲ್ಲಿ.

ನಾನು ಕೈ ಎತ್ತಿದೆ, ತೋರುಬೆರಳು ನೆಟ್ಟಗೆ, ತಡಿ, ಕೇಳು, ಅವರು ಮರ ನೋಡುತ್ತಿಲ್ಲ, ದುರ್ಬೀನು ಎತ್ತುತ್ತಿಲ್ಲ, ನನ್ನ ಬೆರಳನ್ನೇ ನೋಡುತ್ತಾ ತುಟಿಯಂಚಿನಲ್ಲಿ ನಗುತ್ತಿದ್ದಾರೆ, ಕೇಳುತ್ತಿರುವವರ ಹಾಗೆಯೇ ತಲೆ ಒಂದಿಷ್ಟು ಓರೆ, ಬೆಳ್ಗಣ್ಣಗಳು ಈಗ ಬಲಕ್ಕೆ ಹೋದವು, ಇಳಿಜಾರಿನ ಕಡೆ, ಸಣ್ಣಗಾಯಿತು, ಇನ್ನೂ ಸಣ್ಣಗೆ, ನಿಂತಿತು, ಹನಿ, ಬರೀ ಹನಿ, ತೋಳು ನೋಯುತ್ತಿದೆ, ಇಳಿಸಬೇಕು, ಇಳಿಸಿದರೆ ನಿಂತಿತೆಂದು ಅವರಿಗೆ ಗೊತ್ತಾಗುತ್ತದೆ, ಇನ್ನೊಂದಿಷ್ಟು ಹೊತ್ತು, ಅವರು ನೋಡುತ್ತಲೇ ಇದ್ದಾರೆ, ಬಿಳಿ, ಎಲ್ಲೆಲ್ಲೂ ಬಿಳಿ, ನಡುವೆ ನನ್ನ ಬೆರಳು.