ಪ್ರಶ್ನಾರ್ಥಕ ಚಿಹ್ನೆಗಳ ಪುಟ

೧

ಈ ಕಥೆಯನ್ನು ಹೇಗೆ ಶುರು ಮಾಡಲಿ? ಮೊದಲ ಸಾಲೇ ಓದುಗರ ಕೊರಳಪಟ್ಟಿ ಹಿಡಿಯಬೇಕಂತೆ. ಹಾಗಾದರೆ ತಗೊಳ್ಳಿ:

???? ?????? ??? ???????, ???? ????????.

ಹಿಡಿಯಲಿಲ್ಲವೇ? ಬೇಡ ಬಿಡಿ. ಅಚ್ಚಿಗೆ ಪುಟ ಜೋಡಿಸುವಾಕೆಯ ಎದೆಯನ್ನಂತೂ ಈ ಸಾಲು ಗಟ್ಟಿಯಾಗಿ ಹಿಡಿದುಬಿಟ್ಟಿತ್ತು. ಪರದೆಯ ಮೇಲೆ ಇಂಥವೇ ಸಾಲುಗಳು ಪುಟದ ತುಂಬ ಇದ್ದವು, ಒಂದು ಅಕ್ಷರವೂ ಇರಲಿಲ್ಲ.

೨

(ಹಳೆಯ ಡ್ರಾಫ್ಟಿನಲ್ಲಿ ಇಲ್ಲಿ ಬೀದಿಯ ವರ್ಣನೆ ಇತ್ತು. ಕಿತ್ತುಹಾಕಿದ್ದೇನೆ. ಔಷಧಿ ಅಂಗಡಿಯ ಮೇಲಿನ ಕೋಣೆ, ಒಂದು ಕಂಪ್ಯೂಟರು, ಪ್ರಿಂಟರಿನ ಮೇಲೆ ಒಣಗಲು ಬಿಟ್ಟ ಛತ್ರಿ. ಇಷ್ಟು ಸಾಕು.)

ಆಗಿದ್ದು ಇದು. ಒಬ್ಬ ತಾಯಿ ತೀರಿಕೊಂಡಿದ್ದಾಳೆ. ನಾಳೆ ನೆಂಟರಿಷ್ಟರೆಲ್ಲ ಸೇರುತ್ತಾರೆ. ಅವರ ಕೈಗೆ ಕೊಡಲು ಮಕ್ಕಳು ಮೊಮ್ಮಕ್ಕಳು ತಲೆಗೊಂದು ಪುಟ ಬರೆದು ನೆನಪಿನ ಪುಸ್ತಿಕೆ ಮಾಡಿಸುತ್ತಿದ್ದಾರೆ. ಎಲ್ಲ ಉಸ್ತುವಾರಿ ಹಿರಿಮಗಳದು. ತಾಯಿಯ ಹಾಸಿಗೆಯ ಪಕ್ಕ ಕೊನೆಯವರೆಗೂ ಇದ್ದವಳು ಅವಳೇ. ಕಿರಿಮಗಳು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ತಾಯಿಯ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವಳೂ ಬರೆಯುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಇವತ್ತು ಬೆಳಿಗ್ಗೆ ಬಂದು ಪೆನ್‌ಡ್ರೈವ್ ಮೇಜಿನ ಮೇಲಿಟ್ಟಳು.

"ಮೇಡಂ, ಇದ್ರಲ್ಲಿ ಒಂದೇ ಫೈಲ್ ಇದೆ. ಅಕ್ಕಂಗೆ ಈಗ್ಲೇ ತೋರಿಸ್ಬೇಡಿ. ಅಚ್ಚಾದ್ಮೇಲೆ ಎಲ್ರೂ ಓದ್ಲಿ. ಆಗ ನಾನು ಎದುರಿಗೆ ಇರಲ್ಲ."

೩

ಆ ಫೈಲನ್ನು ಪುಟ ಜೋಡಿಸುವ ತಂತ್ರಾಂಶದೊಳಗೆ ಎಳೆದುಕೊಂಡಾಗ ಮೊದಲು ಬಂದದ್ದು ಖಾಲಿ ಚೌಕಗಳು. ಆಕೆ ಹೆದರಲಿಲ್ಲ. ಚೌಕ ಬಂತೆಂದರೆ ಅಕ್ಷರ ಒಳಗೆ ಭದ್ರವಾಗಿದೆ, ಮುಖ ಮಾತ್ರ ಇಲ್ಲ ಎಂದರ್ಥ. ಫಾಂಟ್ ಬದಲಿಸಿದಳು. ಅಕ್ಷರಗಳು ಬಂದವು, ಆದರೆ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಆಕೆಯ ತಂತ್ರಾಂಶಕ್ಕೆ ವಯಸ್ಸಾಗಿದೆ, ಹೊಸ ಯೂನಿಕೋಡ್ ಅಕ್ಷರ ಅದಕ್ಕೆ ಅರಗುವುದಿಲ್ಲ. ಇಂಥ ಫೈಲನ್ನು ಮೊದಲು ಕನ್ವರ್ಟರಿಗೆ ಹಾಕಿ ಹಳೆಯ ಬಗೆಗೆ ತರಬೇಕು. ಅದು ಆಕೆಗೆ ಗೊತ್ತು. ಆದರೆ ಊಟದ ಹೊತ್ತು ಮೀರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಕನ್ವರ್ಟರನ್ನು ಮರೆತು, ಫೈಲನ್ನು ನೇರವಾಗಿ ಹಳೆಯ ಬಗೆಯ ಟೆಕ್ಸ್ಟ್ ಮಾಡಿ ಸೇವ್ ಒತ್ತಿದಳು. ಕೆಲವು ಅಕ್ಷರಗಳು ಕಳೆದುಹೋಗಬಹುದು, ಮುಂದುವರಿಯಲೇ ಎಂದು ಕಂಪ್ಯೂಟರು ಕೇಳಿತು. ಅದು ದಿನವಿಡೀ ಏನಾದರೊಂದು ಕೇಳುತ್ತಲೇ ಇರುತ್ತದೆ. ಆಕೆ ಓಕೆ ಅಂದಳು.

ಚೌಕವಾದರೆ ಮುಖ ಹೋಗಿರುತ್ತದೆ. ಪ್ರಶ್ನಾರ್ಥಕ ಚಿಹ್ನೆಯಾದರೆ ಜೀವವೇ ಹೋಗಿರುತ್ತದೆ, ಯಾವ ಫಾಂಟ್ ಹಾಕಿದರೂ ಮರಳುವುದಿಲ್ಲ. ಅದಕ್ಕೂ ಹೆಚ್ಚಿನ ಅನಾಹುತವೆಂದರೆ, ಆಕೆ ನಕಲು ಮಾಡಿಕೊಳ್ಳದೆ ಗಿರಾಕಿಯ ಪೆನ್‌ಡ್ರೈವಿನಲ್ಲೇ ಕೆಲಸ ಮಾಡಿದ್ದಳು.

ಇಲ್ಲಿ ನಾನು 'ಅವಸರವೇ ಅಪಘಾತಕ್ಕೆ ಕಾರಣ' ಎಂದು ಬರೆದೆ. ಆಕೆ ನನ್ನ ಕಡೆ ತಿರುಗಿದಳು.

"ಸಾರ್, ರಸ್ತೆ ಬೋರ್ಡ್ ಬರೆಯೋದು ಬಿಟ್ಟು ಆ ಫೈಲ್ ವಾಪಸ್ ತರ್ಸಿ. ಬರೀತಿರೋದು ನೀವೇ ತಾನೇ?"

"ತರಿಸಿಬಿಟ್ರೆ ಕಥೆ ಎಲ್ಲಿ ಉಳಿಯುತ್ತಮ್ಮ?"

"ನಿಮ್ಮ ಕಥೆಗೆ ಬೆಂಕಿ ಬೀಳ್ಲಿ. ಬೆಳಿಗ್ಗೆ ಆ ಹುಡುಗಿ ಮುಖ ನೋಡಿದ್ರಾ?"

ನೋಡಿದ್ದೆ. ಅದಕ್ಕೇ ಆ ಸಾಲನ್ನು ಹೊಡೆದುಹಾಕಿದೆ.

೫

(ನಾಲ್ಕನೆಯದನ್ನು ಹುಡುಕಬೇಡಿ. ಅದರಲ್ಲಿ ಫೈಲ್ ಪವಾಡದಂತೆ ಸಿಕ್ಕಿ ಎಲ್ಲರೂ ನಕ್ಕಿದ್ದರು. ಓದಿ ನನಗೇ ಕಸಿವಿಸಿಯಾಯಿತು, ಅಳಿಸಿದೆ.)

ಆಕೆ ಕನ್ನಡಕದಂಗಡಿಗೆ ಫೋನ್ ಮಾಡಿದಳು. ಫೈಲ್ ಇನ್ನೊಂದು ಸಲ ಕಳಿಸುತ್ತೀರಾ ಎಂದು ಕೇಳಿದಳು.

"ಅಳಿಸ್ಬಿಟ್ಟೆ ಮೇಡಂ. ಅಂಗಡಿ ಕಂಪ್ಯೂಟರಲ್ಲಿ ಟೈಪ್ ಮಾಡಿದ್ದು, ಯಾರಾದ್ರೂ ನೋಡ್ಬಿಟ್ರೆ ಅಂತ."

"ಹಾಗಾದ್ರೆ... ಇನ್ನೊಂದ್ಸಲ ಬರೆದುಕೊಡೋಕಾಗುತ್ತಾ?"

ಆ ಕಡೆ ಕನ್ನಡಕದ ಡಬ್ಬಿಯೊಂದು ಟಪ್ಪೆಂದು ಮುಚ್ಚಿಕೊಂಡಿತು.

"ಒಂದ್ಸಲ ಬರೆಯೋಕೇ ನಂಗೆ ಇಷ್ಟು ವರ್ಷ ಬೇಕಾಯ್ತು ಮೇಡಂ."

ನನ್ನ ಡ್ರಾಫ್ಟಿನಲ್ಲಿ ಪುಟ ಜೋಡಿಸುವಾಕೆ ಇಲ್ಲಿ ತಪ್ಪನ್ನು ವೈರಸ್ಸಿನ ತಲೆಗೆ ಕಟ್ಟಬೇಕಿತ್ತು. ಆಕೆ ಕಟ್ಟಲಿಲ್ಲ. "ತಪ್ಪು ನಂದಮ್ಮ. ನಿಮ್ಮ ಪೆನ್‌ಡ್ರೈವಲ್ಲೇ ಸೇವ್ ಒತ್ತಿಬಿಟ್ಟೆ," ಎಂದಳು. ನನಗೆ ಆಕೆಯ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ, ಮುಚ್ಚಿಡುವುದೇಕೆ.

೬

ಕಿರಿಮಗಳು ಬಂದಳು. ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಅಂತ ನಾನೂ ಪುಟ ಜೋಡಿಸುವಾಕೆಯೂ ಕಾದು ಕೂತಿದ್ದೆವು. ಅವಳು ಪರದೆಯ ಮುಂದೆ ಕೂತು ಸುಮ್ಮನೆ ನೋಡಿದಳು. ಅಕ್ಷರ ಹೋದರೂ ಪದಗಳ ನಡುವಿನ ಜಾಗ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಅದದೇ ಜಾಗದಲ್ಲಿದ್ದವು. ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇದು ಆಸ್ಪತ್ರೆ ಸಾಲು, ಉದ್ದ ಇದೆ ನೋಡಿ. ಅಪ್ಪ ಹೋದ ದಿನ ಅಮ್ಮ ಎಲ್ರ ಎದುರು, ನೀನು ಹೊತ್ತಿಗೆ ಸರಿಯಾಗಿ ಬಂದಿದ್ರೆ ಅವ್ರು ಉಳೀತಿದ್ರು ಅಂದ್ಲು. ಈ ಪುಟ್ಟ ಸಾಲು, ಆಮೇಲೆ ನಾನು ಆ ಮನೆಗೆ ಹೋಗ್ಲಿಲ್ಲ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ತಾಯಿಗೂ ಅದು ಗೊತ್ತಿದ್ದೇ ಇರಬೇಕು. ಗೊತ್ತಿದ್ದೂ ಆಡಿಬಿಡುವುದು ಮನುಷ್ಯರ ಪಾಡು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಪುಸ್ತಿಕೆ ಎಲ್ಲಿಗೆ ಬಂತೆಂದು ನೋಡಲು ಅಕ್ಕ ಮೆಟ್ಟಿಲು ಹತ್ತಿ ಬಂದಿದ್ದಳು. ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ತಂಗಿಗೆ ಗೊತ್ತಿಲ್ಲ. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿದು ಪುಟದ ತುದಿಗೆ ಬಂತು.

"ಇಷ್ಟೆಲ್ಲದ್ರಲ್ಲಿ ಈ ಕೊನೇದೊಂದೇ ನಂದು, ಮೇಡಂ. ಈ ಪ್ರಶ್ನೆ ಚಿಹ್ನೆ ನಾನೇ ಟೈಪ್ ಮಾಡಿದ್ದು."

"ಏನು ಕೇಳಿದ್ದೆ?" ಅಂದಳು ಅಕ್ಕ.

ತಂಗಿ ತಿರುಗಿ ನೋಡಿದಳು. ಎದ್ದು ಹೋಗುತ್ತಾಳೇನೋ ಅಂದುಕೊಂಡೆ. ಹೋಗಲಿಲ್ಲ.

"ನಿನ್ನೇ ಕೇಳಿದ್ದು ಅಕ್ಕ. ಕೊನೆಗೆ ಅಮ್ಮ... ಒಂದ್ಸಲನಾದ್ರೂ ನನ್ನ ಬಗ್ಗೆ ಕೇಳಿದ್ಲಾ?"

೭

ಈಗ ಅಕ್ಕ ಉತ್ತರ ಕೊಡಬೇಕು. ನನ್ನ ಬಳಿ ಸಿದ್ಧವಿವೆ:

ಅ) "ದಿನಾ ಕೇಳ್ತಿದ್ಲು ಕಣೇ." (ನೀವು ಕಣ್ಣೊರೆಸಿಕೊಳ್ಳುತ್ತೀರಿ, ನಾನು ಗೆದ್ದೆ.)

ಆ) "ಇಲ್ಲ." (ವಿಮರ್ಶಕರು ಬೆನ್ನು ತಟ್ಟುತ್ತಾರೆ.)

ಇ) ತಾಯಿ ಕೇಳಿರಲಿಲ್ಲ, ಅಕ್ಕ ಕೇಳಿದ್ದಳೆಂದು ಸುಳ್ಳು ಹೇಳುತ್ತಾಳೆ. (ನನಗೆ ಬಲು ಇಷ್ಟವಾದದ್ದು. ಟೈಪ್ ಮಾಡಲು ಕೈಯಿಟ್ಟಿದ್ದೆ ಕೂಡ.)

"ಸಾರ್, ಏಳಿ," ಅಂದಳು ಪುಟ ಜೋಡಿಸುವಾಕೆ.

"ಎಲ್ಲಿಗೆ?"

"ಹೊರಗೆ. ಅದು ಅಕ್ಕತಂಗಿ ಮಾತು."

"ನಾನು ಬರೀದಿದ್ರೆ ಅಕ್ಕ ಹೇಳೋದು ಹೇಗೆ?"

"ಇನ್ನೊಬ್ರ ಮಾತಿನ ಮೇಲೆ ಕೈಯಾಡ್ಸಿ ನಾನೇನು ಮಾಡ್ದೆ ಅಂತ ನೋಡಿದ್ರಲ್ಲ, ಸಾಲ್ದಾ?"

ಎದ್ದೆ. ಆಕೆ ನನ್ನ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡಳು. ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೇವೆ. ಕೆಳಗಡೆ ಔಷಧಿ ಕೊಳ್ಳುವವರ ಗದ್ದಲ. ಒಳಗೆ ಯಾರೋ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ಅಕ್ಕನ ದನಿ, ತಗ್ಗಿದ ದನಿ. ಒಂದು ಪದವೂ ತಿಳಿಯಲಿಲ್ಲ, ಪದಗಳ ನಡುವೆ ಅವಳು ತಡೆಯುವುದು ಮಾತ್ರ ಕೇಳಿಸಿತು. ನಂತರ ಒಬ್ಬಳು ಅತ್ತಳು. ಯಾರು ಎಂದು ನನ್ನನ್ನು ಕೇಳಬೇಡಿ, ನಾನು ಹೊರಗಿದ್ದೆ.

"ನಾಳೆಯ ಪುಸ್ತಿಕೇಲಿ ಆ ಪುಟಕ್ಕೆ ಏನು ಹಾಕ್ತೀರಿ?" ಎಂದೆ.

"ಬಾಗಿಲು ತೆಗೀಲಿ. ಅವ್ರು ಏನು ಹೇಳ್ತಾರೋ ಅದು."

"ಪರದೆ ಮೇಲಿರೋದು ಹಾಗೇ ಇದೆಯಾ? ಸೇವ್ ಮಾಡಿದ್ರಾ?"

"ಇಲ್ಲ ಸಾರ್. ಈ ಸಲ ನಾನು ಏನೂ ಒತ್ತಿಲ್ಲ."